ಗುರುವಾರದ ಲೋಬಾನ

ರಾಯಚೂರು
ಶುಕ್ರವಾರ, 9 ಜನವರಿ 2026

ರಾಹಿಲ್ ಅವರಿಗೆ ಮಿನಾಜಳ ಸಲಾಂ.

ಏಳು ತಿಂಗಳ ಮೇಲೆ ಹೆಂಡತಿಯ ಪತ್ರ ಬಂತೆಂದು ಮಾನ್ವಿಯ ಅಂಗಡಿಯಲ್ಲಿ ಕೂತು ಗಾಬರಿಯಾಗಬೇಡಿ. ಚೆನ್ನಾಗಿದ್ದೇನೆ. ಫೋನ್ ಮಾಡಬಹುದಿತ್ತು, ನೀವು ಎತ್ತದಿದ್ದರೆ ಎಂಬ ಹೆದರಿಕೆ. ಕನ್ನಡ ಟೀಚರಿಗೆ ಪತ್ರವೇ ಸಲೀಸು.

ನಿಮ್ಮ ಅಮ್ಮೀಯನ್ನು ಕರೆದುಕೊಂಡು ಮಾನ್ವಿಗೆ ಹೊರಟ ದಿನ ನೀವು ಸ್ಟೂಲ್ ಹತ್ತಿ, ಅಡುಗೆಮನೆಯ ಮುಂದೆ ಛಾವಣಿಗೆ ಆ ಬಿಳಿ ಅಲಾರಂ ಕೂಡಿಸಿದಿರಿ. ಸೆಲ್ ಮುಗಿದರೆ ನಾನು ಬದಲಿಸುವವಳಲ್ಲವೆಂದು ಮನೆಯ ಕರೆಂಟಿಗೇ ವೈರ್ ಎಳೆದಿರಿ. "ಗ್ಯಾಸ್ ಗೀಸರಿನ ವಿಷಗಾಳಿಗೆ ವಾಸನಿ ಇರಂಗಿಲ್ಲ. ಅದು ಬಂದ್ರೂ, ಹೊಗಿ ಬಂದ್ರೂ ಇದು ಒದರತದ. ನನ್ನ ಫೋನಿಗೂ ಗೊತ್ತಾಗತದ, ಅಲ್ಲಿಂದನ ಬಂದ್ ಮಾಡಬಹುದು" ಅಂದಿರಿ. ಆ ದಿನ ನನ್ನೊಡನೆ ಆಡಿದ್ದು ಅಷ್ಟೇ ಮಾತು.

ಜಗಳ ತೆಗೆದವಳು ನಾನೇ. ಅಮ್ಮೀ ಗುರುವಾರ ಸಂಜೆ ಮಗ್ರಿಬ್ ನಮಾಜು ಮುಗಿಸಿ ಮನೆಗೆಲ್ಲ ಲೋಬಾನದ ಧೂಪ ಹಾಕುತ್ತಿದ್ದರು, ನನಗೆ ಕೆಮ್ಮು. ಹೊಗೆ ಇರಲಿ, ಇಲ್ಲವೇ ನಾನಿರುತ್ತೇನೆ ಎಂದುಬಿಟ್ಟೆ. ಹೊಗೆಯ ಜೊತೆ ನೀವಿಬ್ಬರೂ ಹೋದಿರಿ.

ಆಮೇಲೊಂದು ಗುರುವಾರ, ಸೊಳ್ಳೆ ಕಾಟಕ್ಕೆಂದು, ಅವರು ಬಿಟ್ಟುಹೋದ ಲೋಬಾನವನ್ನೇ ಕೆಂಡಕ್ಕೆ ಹಾಕಿದೆ. ಅಲಾರಂ ಕಿರುಚಿತು. ಕೆಳಗಿನ ಮನೆಯ ಯಂಕಮ್ಮ, "ಟೀಚರ್ರೀ, ಅದರ ಬಾಯಿ ಮುಚ್ಚಸ್ರೀ, ನಮ್ಮ ಕೂಸು ಅಳಾಕತ್ತದ" ಎನ್ನುತ್ತಾ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ತಾನೇ ಸುಮ್ಮನಾಯಿತು. ಮಾನ್ವಿಯಿಂದ ನೀವು ಫೋನಿನಲ್ಲಿ ಸುಮ್ಮನಾಗಿಸಿದ್ದಿರಿ! ಕೆಮ್ಮುತ್ತಲೇ ನಕ್ಕೆ. ಆಮೇಲೆ ಒಂದು ಗುರುವಾರವನ್ನೂ ಬಿಟ್ಟಿಲ್ಲ. ನಾನು ಹತ್ತು ಎಣಿಸುವುದರೊಳಗೆ ನೀವು ನಿಲ್ಲಿಸುತ್ತಿದ್ದಿರಿ. ಉಂಡೆಯಾ ಎಂದು ಕೇಳುವವರಿಲ್ಲದ ವಾರದಲ್ಲಿ ನನಗೆ ಅದೊಂದೇ ಮಾತುಕತೆ.

ಈಗ ಮೂರು ಗುರುವಾರದಿಂದ ಅದು ಒದರುತ್ತಲೇ ಇರುತ್ತದೆ. ಹೊಗೆ ಕರಗುವ ತನಕ ಸೆರಗು ಬೀಸುತ್ತಾ ನಿಲ್ಲುತ್ತೇನೆ. ಫೋನ್ ಕೆಟ್ಟಿತೇ? ಅಮ್ಮೀಗೆ ಹುಷಾರಿಲ್ಲವೇ? ಇಲ್ಲ, ಈ ಮನೆಯನ್ನೇ ಫೋನಿನಿಂದ ಅಳಿಸಿಬಿಟ್ಟಿರಾ? ಹಾಗಿದ್ದರೆ ತಿಳಿಸಿಬಿಡಿ. ನನಗೆ ಬಹಳ ಒಂಟಿ ಅನಿಸುತ್ತಿದೆ.

ಬರುವ ಗುರುವಾರದೊಳಗೆ ಈ ಪತ್ರ ತಲುಪಿರುತ್ತದೆ. ಅವತ್ತೂ ಲೋಬಾನ ಹಾಕುತ್ತೇನೆ. ಹತ್ತು ಎಣಿಸುವುದರೊಳಗೆ ಅಲಾರಂ ಸುಮ್ಮನಾದರೆ ಮರುದಿನ ಮೊದಲ ಬಸ್ಸಿಗೆ ಮಾನ್ವಿಗೆ ಬಂದು ಅಮ್ಮೀಯ ಮಾಫಿ ಕೇಳುತ್ತೇನೆ. ಆಗದಿದ್ದರೆ ಕರೆಂಟ್ ಕೆಲಸದ ಮಹಮ್ಮದ್ ಹುಸೇನ್ ಮೇಸ್ತ್ರಿಗೆ ಹೇಳಿ ಅದನ್ನು ಬಿಚ್ಚಿಸುತ್ತೇನೆ.

ನಿಮ್ಮ (ಹೀಗೆ ಬರೆಯಬಹುದಲ್ಲವೇ?)
ಮಿನಾಜ್

ತಾ.ಕ.: ಸೊಳ್ಳೆ ಕಾಟ ಸುಳ್ಳು. ಇನ್ನೊಂದು, ಸದ್ದು ನಿಲ್ಲಿಸುವ ಗುಂಡಿ ಆ ಅಲಾರಂ ಮೇಲೇ ಇದೆ, ಕಸಬರಿಗೆಯ ಹಿಡಿಗೆ ಎಟುಕುತ್ತದೆ. ಮೊದಲ ವಾರವೇ ನೋಡಿದ್ದೆ. ಇವತ್ತಿನವರೆಗೂ ಒತ್ತಿಲ್ಲ.