ನಾಲ್ಕನೇ ಪ್ರಶ್ನೆ

ಚಾಮರಾಜಪೇಟೆ
16 ನವೆಂಬರ್ 2025, ಭಾನುವಾರ

ಮಗಳು ಧನುಶ್ರೀಗೆ ಅಮ್ಮನ ಆಶೀರ್ವಾದ.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿನ್ನಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನೀನು ಆ ಪ್ರಶ್ನೆಗಳ ಕಾಗದ ಕೊಟ್ಟು ಹದಿನೇಳು ದಿನವಾಯಿತು. ಒಪ್ಪಿಕೊಂಡ ಕೆಲಸವನ್ನು ತಡ ಮಾಡುವವಳಲ್ಲ ನಾನು, ಅದು ನಿನಗೆ ಗೊತ್ತು. ಅದಕ್ಕೇ ಎರಡು ಸಲ ಫೋನ್ ಮಾಡಿ, "ಏನಮ್ಮ ಇದು, ಐದು ಪ್ರಶ್ನೆಗೆ ಇಷ್ಟ್ ದಿನಾನಾ? ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಅಂತ ಹೇಳ್ಕೊಳ್ತಿದ್ದಿದ್ದು ಸುಳ್ಳಾ?" ಎಂದು ಅಣಕಿಸಿದೆ. ಸುಳ್ಳಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಹರಿದೆ. ತಡವಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಇದನ್ನು ಇವತ್ತೇ ನಿನ್ನಪ್ಪ ಬಟ್ಟೆಯ ಚೀಲದ ಜೊತೆ ತಂದು ಕೊಡುತ್ತಾರೆ. ಚೀಲದಲ್ಲಿರುವುದು ನನ್ನ ಹಳೆಯ ಕಾಟನ್ ಸೀರೆಗಳ ತುಂಡುಗಳು. ಬಿಸಿನೀರಿನಲ್ಲಿ ಕುದಿಸಿ, ಎರಡು ಬಿಸಿಲು ಕಾಣಿಸಿದ್ದೇನೆ. ನೀನು ತೊಟ್ಟಿಲು ತರಿಸುತ್ತೇನೆ ಎಂದಾಗ, ಮಗು ಬರುವ ಮೊದಲು ಹೊಸದು ಏನೂ ಮನೆಯೊಳಗೆ ಬರಕೂಡದು ಎಂದು ಬೈದೆನಲ್ಲ, "ಎಲ್ಲಾ ಮೂಢನಂಬಿಕೆ, ಬುದ್ಧನ ಪಟ ಇಟ್ಕೊಂಡಿರೋ ಮನೇಲಿ" ಎಂದು ನೀನು ನಕ್ಕೆ. ನಗು, ಪರವಾಗಿಲ್ಲ. ಆದರೆ ಆ ತೊಟ್ಟಿಲು ಇನ್ನೂ ಬೇಡ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಮಾತಾಡುತ್ತೀಯ. ಅಮರ್ ಕೇಳಿಸಿಕೊಳ್ಳುತ್ತಾನೆ, ನಿನ್ನ ಅತ್ತೆ ಕೇಳಿಸಿಕೊಳ್ಳುತ್ತಾರೆ. ಅವರು ಒಳ್ಳೆಯವರೇ. ಆದರೂ ಇದನ್ನು ನೀನೊಬ್ಬಳೇ ಕೂತು ಓದಬೇಕು.

ಗುರುವಾರದ ಮಾತಿಗೆ ಬರುತ್ತೇನೆ. ರಾತ್ರಿ ಅಮರ್ ಫೋನ್ ಮಾಡಿದ. ಅವನ ದನಿ ಸರಿಯಿರಲಿಲ್ಲ. "ಅತ್ತೆ, ಗಾಬರಿ ಆಗ್ಬೇಡಿ, ಈಗ ಎಲ್ಲಾ ಸರಿ ಇದೆ. ಮಧ್ಯಾಹ್ನದಿಂದ ಇವ್ಳಿಗೆ ಹೊಟ್ಟೆ ಹಿಂಡ್ತಾ ಇತ್ತಂತೆ. ಯಾರ್ಗೂ ಹೇಳಿಲ್ಲ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು, ಟವಲ್ ಕಚ್ಕೊಂಡು ಕೂತಿದ್ಲು. ನಾಲ್ಕು ಗಂಟೆ ಹೊತ್ತು, ಅತ್ತೆ! ನಾನು ಆಫೀಸಿಂದ ಬಂದು ಬಾಗ್ಲು ಬಡಿದ್ರೆ, ಏನಿಲ್ಲ ಹೋಗು ಅಂತಾಳೆ" ಎಂದ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಿದರಂತೆ, ಅದು ಸರಿಯಿತ್ತಂತೆ, ಸುಳ್ಳುನೋವು ಎಂದು ಮನೆಗೆ ಕಳಿಸಿದರಂತೆ. ಕಳಿಸುವಾಗ ಡಾಕ್ಟರು ನಿನಗೆ ಚೆನ್ನಾಗಿ ಬೈದರಂತೆ. "ನೀವು ಬಾಯಿ ಬಿಟ್ಟು ಹೇಳ್ದೇ ಇದ್ರೆ ನಮಗೆ ಕನಸು ಬೀಳುತ್ತೇನ್ರೀ?" ಎಂದರಂತೆ. ಆ ಡಾಕ್ಟರಿಗೆ ನನ್ನ ನಮಸ್ಕಾರ ಹೇಳು.

ಆಮೇಲೆ ನೀನು ಫೋನ್ ತೆಗೆದುಕೊಂಡೆ. ನಿನ್ನ ದನಿಯಲ್ಲಿ ದಣಿವು ಇತ್ತು, ಅದಕ್ಕಿಂತ ಜಾಸ್ತಿ ಹೆಮ್ಮೆ ಇತ್ತು. "ಅಮ್ಮಾ, ಒಂದು ಸದ್ದೂ ಮಾಡ್ಲಿಲ್ಲ ಕಣಮ್ಮ. ನಿನ್ ಮಗಳು ಅಲ್ವಾ!" ಎಂದೆ.

ನಾನು ಏನಂದೆ ನೆನಪಿದೆಯಾ? "ಭೇಷ್" ಎಂದೆ.

ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದೆ. ಆದರೂ ಬಾಯಿಂದ ಬಂದದ್ದು ಅದೇ. ಮೂವತ್ತು ವರ್ಷದಿಂದ ನಿನಗೆ ಹೇಳಿಕೊಂಡು ಬಂದ ಮಾತು ನಾಲಿಗೆಯ ಮೇಲೆ ರೆಡಿ ಕೂತಿತ್ತು. ಬಿದ್ದು ಮಂಡಿ ಒಡೆದುಕೊಂಡು ಅಳದೆ ಬಂದಾಗ ಭೇಷ್. ಕಿವಿ ಚುಚ್ಚಿಸುವಾಗ ತುಟಿ ಕಚ್ಚಿಕೊಂಡು ಕೂತಾಗ ಭೇಷ್. ನೋವನ್ನು ನುಂಗುವುದು ದೊಡ್ಡತನ ಎಂದು ನಿನಗೆ ಕಲಿಸಿದವಳು ನಾನು. ಫೋನ್ ಇಟ್ಟ ಮೇಲೆ ನಿನ್ನಪ್ಪನ ಮುಖ ನೋಡಿದೆ. ಅವರು ಟೀವಿ ಆರಿಸಿ, "ಹೇಳ್ಬಿಡು ನಾರಾಯಣಿ. ಇನ್ನೂ ಎಷ್ಟ್ ದಿನ ಇಟ್ಕೋತೀಯ?" ಎಂದರು. "ನೀವು ಸುಮ್ನಿರಿ" ಎಂದೆ. ಅವತ್ತಿನಿಂದ ಕುಕ್ಕರ್ ಕೂಗಿದರೂ ಫೋನ್ ಎಂದುಕೊಂಡು ಓಡುತ್ತಿದ್ದೇನೆ.

ಧನು, ನನಗೆ ಹೆದರಿಕೆಯಾಗಿದೆ. ಈ ಮಾತನ್ನು ನಾನು ನಿನಗೆ ಹೇಳಿದ್ದು ಇದೇ ಮೊದಲು.

ಚೊಚ್ಚಲ ಹೆರಿಗೆ ತವರಿನದು. ಏಳರಲ್ಲಿ ಬಂದು ಮಗಳನ್ನು ಕರೆದುಕೊಂಡು ಹೋಗುವುದು ತಾಯಿಯ ಹಕ್ಕು. ನಾನು ಬಂದೆ, ಮಡಿಲು ತುಂಬಿದೆ, ನಿನ್ನನ್ನು ಅಲ್ಲೇ ಮತ್ತಿಕೆರೆಯಲ್ಲಿ ಬಿಟ್ಟು ಬಂದೆ. ನಮ್ಮ ಮನೆ ಎರಡನೇ ಮಹಡಿ, ಮೆಟ್ಟಿಲು ಕಡಿದು, ನಿನ್ನ ಡಾಕ್ಟರು ಇರುವುದು ಮಲ್ಲೇಶ್ವರದಲ್ಲಿ, ಆ ಟ್ರಾಫಿಕ್ಕಿನಲ್ಲಿ ಹೇಗೆ ಹೋಗುವುದು ಎಂದೆ. ನೀನು ಮುಖ ಸಣ್ಣ ಮಾಡಿಕೊಂಡು "ಹೋಗ್ಲಿ ಬಿಡಮ್ಮ" ಎಂದೆ. ಇಲ್ಲಿ ಬೀದಿಯವರೆಲ್ಲ ಕೇಳಿದರು. ಕೆಳಗಿನ ಮನೆಯ ಮುನಿಯಕ್ಕ ನೀರು ಹಿಡಿಯುವಾಗ, "ಏನ್ ನಾರಾಯಣಮ್ಮಾ, ಇರೋದೊಬ್ಳು ಮಗ್ಳು, ಬಾಣಂತನ ಮಾಡೋಕೂ ಕೈ ಬರ್ಲಿಲ್ವಾ?" ಎಂದಳು. ಅದನ್ನೂ ಕೇಳಿಸಿಕೊಂಡೆ. ಮೆಟ್ಟಿಲು ನೆಪ, ಮಗಳೇ. ನೀನು ನನ್ನ ಕಣ್ಣೆದುರಿಗೇ ಇದ್ದರೆ ನನಗೆ ತೋರಿಸುವುದಕ್ಕಾದರೂ ಬಾಯಿ ಮುಚ್ಚಿಕೊಂಡಿರುತ್ತೀಯ ಎಂದು ಹೆದರಿದೆ. ಅಲ್ಲಿದ್ದರೆ ಒಂದು ಸಲವಾದರೂ ಅಮ್ಮಾ ಎಂದು ಕೂಗುತ್ತೀಯ ಎಂದುಕೊಂಡೆ. ನೀನು ಅಲ್ಲಿಯೂ ನಲ್ಲಿ ಬಿಟ್ಟುಕೊಂಡು ಕೂತೆ.

ಸೀಮಂತದ ದಿನ ನಿನ್ನ ಚಿಕ್ಕಮ್ಮ ಜ್ಯೋತಿಲಕ್ಷ್ಮಿ ನಿನಗೆ ಬಳೆ ತೊಡಿಸುತ್ತಾ ಎಲ್ಲರ ಮುಂದೆ ಅದೇ ಕಥೆ ತೆಗೆದಳು. "ನಮ್ಮಕ್ಕ ಇವ್ಳನ್ನ ಹೆತ್ತಾಗ ಒಂದು ಉಸಿರು ಜೋರಾಗಿ ಬಿಡ್ಲಿಲ್ಲ ಗೊತ್ತಾ? ನಮ್ಮತ್ತೆ ಹೇಳೋರು. ಪಕ್ಕದ ಬೆಡ್ಡೋಳಿಗೇ ಗೊತ್ತಾಗ್ಲಿಲ್ವಂತೆ!" ಎಂದಳು. ಅಮರನ ತಂಗಿ ಇಂಚರಾ, "ಅಯ್ಯೋ ಆಂಟಿ, ಸೈಲೆಂಟ್ ಮೋಡಲ್ಲಿ ಡೆಲಿವರೀನಾ?" ಎಂದು ನಗಿಸಿದಳು. ನೀನು ತಲೆ ಎತ್ತಿ, "ನಾನೂ ಅಷ್ಟೇ. ನೋಡ್ತಿರಿ" ಎಂದೆ. ಚಪ್ಪಾಳೆ ಬಿತ್ತು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ನೆಟ್ಟಗೆ ಕೂತೆ.

ಆಮೇಲೆ ನಿನ್ನ ಆ ಹೆರಿಗೆ ತಯಾರಿಯ ಕ್ಲಾಸಿಗೆ ಒಂದು ದಿನ ನಾನೂ ಬಂದೆನಲ್ಲ. ಚಾಪೆಯ ಮೇಲೆ ಎಂಟು ಜನ ಬಸುರಿಯರು, ಹಿಂದೆ ಬೆನ್ನು ಉಜ್ಜುತ್ತಾ ಗಂಡಂದಿರು. ಅಮರ್ ಬೆವರು ಒರೆಸಿಕೊಳ್ಳುತ್ತಾ ಉಜ್ಜುತ್ತಿದ್ದದ್ದು ನೋಡಿ ನಗು ಬಂತು. ನಿಮ್ಮ ಟೀಚರ್ ಪ್ರತಿಭಾ, "ಈಗ ಎಲ್ಲರೂ ಬಾಯಿ ತೆಗೆದು ಸದ್ದು ಮಾಡಿ, ಎಷ್ಟು ಜೋರಾದ್ರೂ ಪರವಾಗಿಲ್ಲ, ನಾಚ್ಕೋಬೇಡಿ" ಎಂದರು. ನಾನು ಹಿಂದಿನ ಕುರ್ಚಿಯಿಂದ, "ಕೂಗೋದನ್ನೂ ಹೇಳಿಕೊಡ್ಬೇಕಾ?" ಎಂದೆ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ, ನಿನಗೆ ಕೇಳಿಸಿತು. ಏಳು ಜನ ಕೂಗಿದರು. ನೀನೊಬ್ಬಳು ತುಟಿ ಬಿಗಿದುಕೊಂಡು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದೆ. ಆ ಕಣ್ಣು ಮಿಟುಕಿಸಿದ್ದು ನನ್ನ ಕಣ್ಣಿಂದ ಹೋಗುತ್ತಿಲ್ಲ. ಅವತ್ತೇ ಆಕೆ ಕೊಟ್ಟದ್ದು ಆ ಐದು ಪ್ರಶ್ನೆಗಳ ಕಾಗದ, ತಾಯಿಯನ್ನು ಕೇಳಿ ಬರೆಸಿಕೊಂಡು ಬನ್ನಿ ಎಂದು.

ಉತ್ತರ ಬರೆಯುತ್ತೇನೆ.

ನೀನು ಹುಟ್ಟಿದ್ದು ಯಾವಾಗ ಎಂಬುದು ಮೊದಲನೆಯದು. 1993, ಜೂನ್ ಎಂಟು, ಬೆಳಿಗ್ಗೆ ಹತ್ತೂವರೆ.

ಎರಡನೆಯದು ನೋವು ಹೇಗಿತ್ತು ಎಂದು. ಈಗ ಸರಿಯಾಗಿ ಓದು. ನಿನ್ನನ್ನು ಹೆರುವಾಗ ನಾನು ಕೂಗಿದೆ. ಮೊದಲ ನೋವು ಬಂದ ಗಳಿಗೆಯಿಂದ ಕೂಗಿದೆ. ಆಟೋದಲ್ಲಿ ಕೂಗಿದೆ, ಚೀಟಿ ಬರೆಸುವ ಕಿಟಕಿಯಲ್ಲಿ ಕೂಗಿದೆ, ಟೇಬಲ್ಲಿನ ಮೇಲೆ ಕೂಗಿದೆ. ಒಬ್ಬ ಆಯಾ, "ಸ್ವಲ್ಪ ತಡ್ಕೋಮ್ಮಾ, ಇನ್ನೂ ಟೈಮಿದೆ" ಎಂದಳು. ಅವಳ ಸೀರೆಯ ಸೆರಗು ಹಿಡಿದುಕೊಂಡೆ, ಡಾಕ್ಟರು ಬರುವವರೆಗೂ ಬಿಡಲಿಲ್ಲ. ಮೂರು ಜನ ನರ್ಸುಗಳು ನನ್ನ ಸುತ್ತಲೇ ಇದ್ದರು, ನನ್ನ ಬಾಯಿ ಮುಚ್ಚಿಸಲಿಕ್ಕೇ ಇದ್ದರು ಎಂದಿಟ್ಟುಕೋ. ಇದ್ದರಲ್ಲ, ಅಷ್ಟೇ ನನಗೆ ಬೇಕಾಗಿದ್ದದ್ದು. ನಿನ್ನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದೆ ಎಂದು ಅವರು ನೋಡಿದ್ದು ಹತ್ತಿರ ಇದ್ದದ್ದರಿಂದ. ಮೂರನೆಯದು, ಹತ್ತಿರ ಯಾರಿದ್ದರು ಎಂಬುದು. ಅದಕ್ಕೂ ಇದೇ ಉತ್ತರ. ನಿನ್ನಪ್ಪ ಕಾಂಪೌಂಡಿನ ಹೊರಗೆ ಟೀ ಅಂಗಡಿಯಲ್ಲಿದ್ದರು. "ಅಂಗಡಿಯೋನು, ಯಾರ್ ಸಾರ್ ಅದು ಪಾಪ ಅಂದ. ನನ್ ಹೆಂಡ್ತಿ ಕಣಯ್ಯಾ ಅಂದೆ, ದುಡ್ಡೇ ತಗೊಳ್ಲಿಲ್ಲ" ಎಂದು ಇವತ್ತಿಗೂ ಹೇಳುತ್ತಾರೆ. ನಿನ್ನ ಮುಂದೆ ಹೇಳಕೂಡದು ಎಂದು ನಾನೇ ಅವರ ಬಾಯಿ ಕಟ್ಟಿದ್ದೆ.

ಐದನೆಯದು, ಮಗಳಿಗೆ ಏನು ಹೇಳಲು ಇಷ್ಟಪಡುತ್ತೀರಿ ಎಂದು. ನೋವು ಬಂದ ತಕ್ಷಣ ಮನೆಯವರಿಗೆ ಹೇಳು. ಸುಳ್ಳುನೋವಾದರೆ ಹತ್ತು ಸಲ ಆಸ್ಪತ್ರೆಗೆ ಹೋಗಿ ಹತ್ತು ಸಲ ವಾಪಸ್ ಬಾ, ಯಾರು ನಗುತ್ತಾರೋ ನಾನು ನೋಡಿಕೊಳ್ಳುತ್ತೇನೆ. ಮಗು ಒದೆಯುವುದು ಕಡಿಮೆಯಾದರೆ ಬೆಳಗಾಗಲಿ ಎನ್ನಬೇಡ. ಕಣ್ಣು ಮಂಜಾದರೆ, ತಲೆ ಸಿಡಿದರೆ, ನೀರು ಹೋದರೆ, ಎದ್ದು ಹೊರಡು. ಆಸ್ಪತ್ರೆಯಲ್ಲಿ ಯಾರೂ ನಿನ್ನ ಹತ್ತಿರ ಬರದಿದ್ದರೆ ಕೂಗು. ಆ ಪ್ರತಿಭಾ ಹೇಳಿಕೊಟ್ಟ ಹಾಗೆ ಬಾಯಿ ತೆಗೆದು ಕೂಗು. ಮರ್ಯಾದೆ ಹೋಗುತ್ತದೆ ಎನ್ನಿಸಿದರೆ ಹೋಗಲಿ, ನಮ್ಮ ಮನೆಯಲ್ಲಿ ಅದು ಬೇಕಾದಷ್ಟಿದೆ.

ನಾಲ್ಕನೆಯದನ್ನು ಬಿಟ್ಟಿದ್ದೇನೆ.

ಅಮರನಿಗೆ ಹೇಳು, ಕಾರಿಗೆ ಪೆಟ್ರೋಲ್ ಹಾಕಿಸಿ ಇಡಲಿ. ನಿನ್ನ ಅತ್ತೆಗೆ ನಮಸ್ಕಾರ. ತಾಯಿ ಮಗು ಎರಡು ಜೀವವಾಗಿ, ಆರೋಗ್ಯವಾಗಿ ಆಸ್ಪತ್ರೆಯ ಮೆಟ್ಟಿಲು ಇಳಿದು ಬನ್ನಿ. ನೂರು ವರ್ಷ ಬಾಳಿ. ಬೇರೆ ಏನೂ ನಾನು ಕೇಳುವುದಿಲ್ಲ.

ನಿನ್ನ ಅಮ್ಮ,
ನಾರಾಯಣಮ್ಮ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ನಾಲ್ಕನೇ ಪ್ರಶ್ನೆ, "ನಿಮ್ಮ ಮೊದಲ ಹೆರಿಗೆ ಹೇಗಾಯಿತು?" ಎಂದು. "ಅದೂ ನಾನೇ ಅಲ್ವಾ, ಮೇಲಿಂದೇ ಬರ್ದುಬಿಡು" ಎಂದೆ ನೀನು. ಅದು ನೀನಲ್ಲ ಧನು.

ನಿನಗಿಂತ ಮೂರು ವರ್ಷ ಮುಂಚೆ, 1990ರಲ್ಲಿ. ಆಗ ನನಗೆ ಇಪ್ಪತ್ತು. ಆ ಆಸ್ಪತ್ರೆಯ ಹೆಸರು ಬರೆಯಲು ಕೈ ಬರುವುದಿಲ್ಲ. ಸೇರಿಸಿಕೊಳ್ಳುವಾಗ ನಮ್ಮ ಕಾಲೋನಿಯ ಹೆಸರು ಕೇಳಿ ಅಲ್ಲಿದ್ದವಳು ಇನ್ನೊಬ್ಬಳಿಗೆ, "ಬಂದ್ರಪ್ಪಾ. ಇನ್ನು ವಾರ್ಡು ಸಂತೆ. ಈ ಜನಕ್ಕೆ ಕಿರುಚೋದು ಬಿಟ್ರೆ ಏನ್ ಗೊತ್ತು" ಎಂದಳು. ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ನಾನು. ಆ ಮಾತನ್ನು ನಿಜ ಮಾಡಕೂಡದು ಎಂದು ಹಲ್ಲು ಕಚ್ಚಿದೆ. ಪಕ್ಕದ ಬೆಡ್ಡಿನವಳು ಇದ್ದಬದ್ದ ದೇವರನ್ನೆಲ್ಲ ಕರೆದಳು, ಎಲ್ಲರೂ ಅವಳ ಹತ್ತಿರ ಓಡಿದರು. ನನ್ನ ಮುಂದೆ ಎರಡು ಸಲ ಹಾದುಹೋದರು. "ಇವ್ಳು ಮಲಗಿದಾಳೆ, ಇನ್ನೂ ನೋವು ಬಂದಿಲ್ಲ" ಎಂದಳು ಒಬ್ಬ ಸಿಸ್ಟರ್. ನಾನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಒಂದರಿಂದ ಐದರವರೆಗೆ.

ಆಮೇಲೆ ನೋಡಿದಾಗ ಎದೆಬಡಿತ ಇರಲಿಲ್ಲ. ಹೆಣ್ಣು. ತಲೆ ತುಂಬ ಕೂದಲು. ಚಿಕ್ಕಪೇಟೆಯಿಂದ ಮೊದಲೇ ತಂದಿಟ್ಟಿದ್ದ ಹಳದಿ ಜುಬ್ಬ ಹಾಕಿಯೇ ಕಳಿಸಿದೆವು. ಅದೇ ಸಿಸ್ಟರ್ ನನ್ನ ತಲೆ ಸವರಿ, "ಒಂದ್ಸಲ ಕೂಗ್ಬಾರದಿತ್ತೇನೇ ಹುಡ್ಗಿ?" ಎಂದು ಅತ್ತಳು.

ಬೀದಿಯವರು ನನ್ನನ್ನು ಏನೂ ಅನ್ನದಿರಲಿ ಎಂದು ನಿನ್ನ ಅಜ್ಜಿ ಬಾಗಿಲಲ್ಲಿ ನಿಂತು, "ನನ್ನ ಸೊಸೆ ಒಂದು ಸದ್ದೂ ಮಾಡ್ಲಿಲ್ಲ, ಗಟ್ಟಿಗಿತ್ತಿ" ಎಂದರು. ಮಗುವಿನ ಮಾತು ಯಾರೂ ಎತ್ತಲಿಲ್ಲ. ನೀನು ಹುಟ್ಟಿದ ಮೇಲೆ ಆ ಹೊಗಳಿಕೆ ನಿನ್ನ ಹೆರಿಗೆಗೆ ಬಂದು ಸೇರಿತು. ಆಮೇಲೆ ಕಿರಿಸೊಸೆಯಾಗಿ ಬಂದ ಜ್ಯೋತಿಲಕ್ಷ್ಮಿಗೆ ಅಷ್ಟೇ ಗೊತ್ತು. ನಾನು ಬೇಡ ಎನ್ನಲಿಲ್ಲ. ಮೂವತ್ತೈದು ವರ್ಷ ಅದನ್ನು ಮೈಮೇಲೆ ಹೊದ್ದುಕೊಂಡು ತಿರುಗಿದೆ.

ನಾಳೆಯೇ ಹೊರಟು ಬರುತ್ತೇನೆ. ನಿನ್ನ ಮನೆಯಲ್ಲೇ ಇರುತ್ತೇನೆ, ನಿನ್ನ ಅತ್ತೆ ಏನಾದರೂ ಅಂದುಕೊಳ್ಳಲಿ. ಆ ದಿನ ಹೆರಿಗೆ ಕೋಣೆಯ ಒಳಗೆ ಬಿಡದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಮಧ್ಯೆ ಎಷ್ಟು ಬಾಗಿಲಿದ್ದರೂ ಸರಿ, ನಿನ್ನ ದನಿ ನನಗೆ ಅಲ್ಲಿಗೆ ಕೇಳಿಸಬೇಕು.