ಲಾರಿಯಲ್ಲಿ ಹೋದ ಚಿಟ್ಟೆ

ಅಪ್ಪ,

ನೀನು ನೆಟ್ಟ ಹಾಲುಗಿಡದಲ್ಲಿ ಇವತ್ತು ಒಂದು ಮೊನಾರ್ಕ್ ಚಿಟ್ಟೆ ಕೋಶ ಒಡೆದು ಹೊರಬಂತು. ಮಿನ್ನೆಸೋಟದಲ್ಲಿ ಅಕ್ಟೋಬರ್ ಮುಗಿಯುತ್ತಿದೆ; ಅದರ ಬಳಗವೆಲ್ಲ ಚಳಿಗಾಲ ಕಳೆಯಲು ಎಂದೋ ಮೆಕ್ಸಿಕೋ ದಾರಿ ಹಿಡಿದಾಗಿದೆ. ಚಳಿಗೆ ಇದಕ್ಕೆ ರೆಕ್ಕೆ ಎತ್ತಲೂ ಆಗಲಿಲ್ಲ. ನೀನು ಮಾಡುತ್ತಿದ್ದ ಹಾಗೆಯೇ ಕಾಗದದ ಲಕೋಟೆಯಲ್ಲಿಟ್ಟು, ಊಟದ ಡಬ್ಬಿಗೆ ಹಾಕಿ ಆರ್ವಿಡ್‌ನ ಹತ್ತಿರ ಒಯ್ದೆ. ನಿನ್ನ ಲಾರಿಯನ್ನು ಈಗ ಅವನೇ ಓಡಿಸುತ್ತಾನೆ.

"ಟೆಕ್ಸಾಸ್ ಬಿಸಿಲಲ್ಲಿ ಬಿಟ್ಬಿಡು. ಅಲ್ಲೀವರೆಗೂ ಹೀಟರ್ ಹಾಕ್ಬೇಡ. ಬೆಚ್ಚಗಾದ್ರೆ ಒಳಗೇ ಬಡ್ಕೊಂಡು ರೆಕ್ಕೆ ಹರ್ಕೊಳ್ಳುತ್ತೆ."

"ಅಪ್ಪನಿಗೆ ತಕ್ಕ ಮಗಳು! ಅವನ ಥರ ನಾನೂ ನಡುಗ್ತಾ ಹೋಗ್ಬೇಕಾ? ನನ್ನ ಹತ್ರ ಇರೋದು ಇದೊಂದು ಅಂಗಿ ಕಣೇ."

ಮನೆಗೆ ಓಡಿದೆ. ನಿನ್ನ ಕುರಿಚರ್ಮದ ಕೋಟು ನೀನು ತೂಗುಹಾಕಿದ ಗೂಟದಲ್ಲೇ ಇತ್ತು. ಅದನ್ನು ದಾನಕ್ಕೆ ಕೊಡೋಣ ಎಂದು ಅಣ್ಣ ಹೇಳಿದ್ದಕ್ಕೆ ಅವನ ಜೊತೆ ಮಾತು ಬಿಟ್ಟಿದ್ದೆ. ಪ್ರತಿ ಸಲ ಹೊರಡುವಾಗ ಅದರ ಒಂದು ಮಗ್ಗುಲು ತೆರೆದು ಹಿಡಿದು, "ಬರ್ತೀಯೇನೇ? ಇದರಲ್ಲಿ ಇಬ್ರಿಗೆ ಜಾಗ ಇದೆ" ಎನ್ನುತ್ತಿದ್ದೆ ನೀನು. ನಾನು ಚಳಿಯ ನೆಪ ಹೇಳುತ್ತಿದ್ದೆ.

ಆರ್ವಿಡ್ ತೊಟ್ಟುಕೊಂಡ. ತೋಳು ಸ್ವಲ್ಪ ಉದ್ದವಾಯಿತು.

ನಿನ್ನ ಪಕ್ಕದ ಸೀಟಿಗೆ ನಾನು ಹತ್ತಿದ್ದು ಇವತ್ತೇ ಮೊದಲು, ಅಪ್ಪ. ಡಬ್ಬಿಯನ್ನು ಅಲ್ಲಿ ಕೂರಿಸಿ, ಬೆಲ್ಟು ಬಿಗಿದು, ಇಳಿದುಬಂದೆ.