ಮೆಲ್ಲಗೆ ಹೇಳಬೇಕಂತೆ

ಮಾರ್ಚ್ ೧೪, ಗುರುವಾರ

ಬೆಳಿಗ್ಗೆಯ ಆ ಶರ್ಟ್ ಕಾಲರ್ ವಿಷಯ ಇನ್ನೂ ತಲೆಯಿಂದ ಇಳಿದಿಲ್ಲ. ಹೊಸ ಹುಡುಗಿ ಹೊಲಿದದ್ದು ಸೊಟ್ಟಗಿತ್ತು, ಬಿಚ್ಚು ಎಂದೆ. "ಮೇಡಂ, ಎಲ್ಲರ ಮುಂದೆ ಹೀಗೆ ಕೂಗ್ಬೇಡಿ, ಮೆಲ್ಲಗೆ ಹೇಳಿ" ಎಂದಳು. ಹೊಲಿಗೆ ಮಷೀನುಗಳೆಲ್ಲ ಒಮ್ಮೆಲೇ ನಿಂತವು.

ಅದೇ ಕಾಲರಿಗೆ ಆಮೇಲೆ ಮುದುಕ ಕಟಿಂಗ್ ಮಾಸ್ತರು ನನ್ನನ್ನು ಬೈದರು. "ಏ ಹುಡುಗಿ, ಕಣ್ಣು ಎಲ್ಲಿಟ್ಟಿದ್ದೆ?" ಐವತ್ತು ತುಂಬಿದ ಸೂಪರ್‌ವೈಸರ್ ನಾನು, ಅವರಿಗೆ ಇನ್ನೂ ಹುಡುಗಿ.

ಗಾರ್ಮೆಂಟ್ಸ್ ಯಜಮಾನರಿಗೆ ಎರಡನ್ನೂ ಹೇಳಿದೆ. "ಮಾಸ್ತರಿಗೆ ವಯಸ್ಸಾಯ್ತು, ನೀವೇ ಸಹಿಸ್ಕೊಳ್ಳಿ. ಅವಳಿನ್ನೂ ಚಿಕ್ಕವಳು, ನೀವೇ ಸಹಿಸ್ಕೊಳ್ಳಿ." ನನ್ನದು ಮಾತ್ರ ಯಾವ ವಯಸ್ಸೂ ಅಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಾನು ಸೊಸೆಯಾಗಿದ್ದಾಗ ಅತ್ತೆಯ ಕಾಲ; ನಾನು ಅತ್ತೆಯಾಗುವ ಹೊತ್ತಿಗೆ ಸೊಸೆಯ ಕಾಲ ಬಂತು.

ಸಂಜೆ ಬೀಗ ಹಾಕುವಾಗ ಆ ಹುಡುಗಿ ಹತ್ತಿರ ಬಂದಳು. "ಮಾಸ್ತರು ಬೈದಾಗ ನೀವ್ಯಾಕೆ ಸುಮ್ನಿದ್ರಿ?"

"ಅಭ್ಯಾಸ" ಎಂದೆ.

"ಆ ಅಭ್ಯಾಸ ನಂಗೆ ಕಲಿಸ್ಬೇಡಿ ಮೇಡಂ."

ಮೆಲ್ಲಗೇ ಹೇಳಿದಳು, ಯಾರಿಗೂ ಕೇಳಿಸದ ಹಾಗೆ. ಕೂಗಿದ್ದರೆ ತಿರುಗಿ ಬೈಯಬಹುದಿತ್ತು, ಈಗ ನಿದ್ದೆಯಾದರೂ ಬರುತ್ತಿತ್ತು.